ಟ್ರಂಕು ಸೊಪ್ಪಿನ ಬೆನ್ನು ಹತ್ತಿ

ಕಳೆದ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಕಲಶಕ್ಕೆ ಉಡಿಸಲು ಅಜ್ಜಿಯ ರೇಷ್ಮೆ ಸೀರೆಯೇ ಬೇಕು ಅಂತ ಅಮ್ಮ ಹಠ ಹಿಡಿದಳು. ಮಂಚದ ಕೆಳಗಿದ್ದ ಕಬ್ಬಿಣದ ಟ್ರಂಕನ್ನು ಎಳೆದು ಕೊಟ್ಟೆ. ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು. ಮಡಿಕೆ ಬಿಚ್ಚುತ್ತಿದ್ದ ಹಾಗೆ ಒಳಗಿಂದ ಏನೋ ಪುಡಿ ನೆಲಕ್ಕೆ ಉದುರಿತು. ಚಹಾಪುಡಿಯ ಹಾಗೆ ಕಂದು ಕಂದು. ಗುಡಿಸೋಣ ಅಂತ ಪೊರಕೆ ಹಿಡಿದು ಬಗ್ಗಿದವಳು ಅಲ್ಲೇ ಕೂತುಬಿಟ್ಟೆ.

ಆ ವಾಸನೆ ನನಗೆ ಗೊತ್ತಿತ್ತು. ಮಳೆ ಬಿದ್ದ ಮಣ್ಣು, ಹಳೇ ಪುಸ್ತಕದ ಕಪಾಟು, ಅದರ ಹಿಂದೆ ಎಲ್ಲೋ ಒಂಚೂರು ಕರ್ಪೂರ. ಮೂವತ್ತೈದು ವರ್ಷ ಆಗಿರಬೇಕು ಅದು ಮೂಗಿಗೆ ಬಿದ್ದು.

“ಅಮ್ಮಾ, ಇದು ಟ್ರಂಕು ಸೊಪ್ಪು ಅಲ್ವಾ?”

“ಮತ್ತೆ? ಅದೇ.”

“ಅದರ ಹೆಸರೇನು?”

“ಟ್ರಂಕು ಸೊಪ್ಪು.”

ನಮ್ಮ ಕಡೆ ಹೀಗೇ. ಅಜ್ಜಿ ಮನೆ ಹಿತ್ತಲಿನ ಅರ್ಧ ಗಿಡಗಳಿಗೆ ಊರಿನ ಹೆಸರಿರಲಿಲ್ಲ, ಮನೆಯ ಹೆಸರಿತ್ತು. ಜ್ವರದ ಸೊಪ್ಪು, ಅತ್ತೆ ತಂದ ಬಳ್ಳಿ, ಭಟ್ಟರ ಮನೆ ಹೂವು. ಆ ಮನೆಯೊಳಗೆ ಇರುವವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಮನೆ ಹೋಯಿತು, ಹೆಸರೂ ಹೋಯಿತು.

ಅಜ್ಜಿಯ ಮನೆ ಇದ್ದದ್ದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ಬಚ್ಚಲುಮನೆಯ ನೀರು ಗೋಡೆಯ ತೂತಿನಿಂದ ಹೊರಬಿದ್ದು, ಕೆಸುವಿನ ಗಿಡಗಳ ನಡುವೆ ಹರಿದು, ಬಾಳೆ ಬುಡಕ್ಕೆ ಹೋಗುತ್ತಿತ್ತು. ಕೆಸುವಿಗೂ ಬಾಳೆಗೂ ಮಧ್ಯೆ, ಹಲಸಿನ ಮರದ ನೆರಳಲ್ಲಿ ಈ ಗಿಡದ ಒಂದು ಪೊದೆ. ನನ್ನ ಎದೆಯೆತ್ತರ. ಆಗಿನ ನನ್ನ ಎದೆಯೆತ್ತರ ಅಂದರೆ ಎಷ್ಟು ಅಂತ ಮಾತ್ರ ಈಗ ಹೇಳುವುದು ಕಷ್ಟ.

ಮಲೆನಾಡಿನ ಮಳೆಗಾಲ ಕಂಡವರಿಗೆ ಈ ಸೊಪ್ಪು ಯಾಕೆ ಬೇಕು ಅಂತ ಹೇಳಬೇಕಿಲ್ಲ. ನಾಲ್ಕು ತಿಂಗಳು ಬಟ್ಟೆ ಒಣಗಲ್ಲ. ಪೆಟ್ಟಿಗೆಯೊಳಗೆ ಬೂಷ್ಟು, ಮುಗ್ಗಲು ವಾಸನೆ, ನುಸಿ. ಅಜ್ಜಿ ಡಾಂಬರು ಗುಳಿಗೆಯನ್ನು ನಂಬುತ್ತಿರಲಿಲ್ಲ. “ಸೀರೆ ಉಟ್ರೆ ಆಸ್ಪತ್ರೆ ವಾಸನೆ ಬರುತ್ತೆ” ಅನ್ನುತ್ತಿದ್ದಳು. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಪೊದೆಯನ್ನು ಕತ್ತರಿಸಿ, ಎಲೆ ಬಿಡಿಸಿ, ಮೊರದಲ್ಲಿ ಹರಡಿ ಜಗಲಿಯ ಒಳಮೂಲೆಯಲ್ಲಿ ಇಡುತ್ತಿದ್ದಳು. ಅಂಗಳದಲ್ಲಿ ಅಡಕೆ ಒಣಗುತ್ತಿದ್ದರೂ ಇದಕ್ಕೆ ಮಾತ್ರ ಬಿಸಿಲು ತಾಗಬಾರದು. ದಿನಕ್ಕೊಂದು ಸಲ ಮಗುಚುವುದು ಮಕ್ಕಳ ಕೆಲಸ. ಒಣಗಿದ ಮೇಲೆ ಸೀರೆಯ ಮಡಿಕೆಗಳ ನಡುವೆ ಹಾಕಿ, ಕೆಲವು ವರ್ಷ ಜೊತೆಗೆ ನಾಲ್ಕು ಒಣಗಿದ ಸುರಗಿ ಹೂವನ್ನೂ ಹಾಕಿ, ಟ್ರಂಕು ಮುಚ್ಚುತ್ತಿದ್ದಳು.

ಅಜ್ಜಿ ತೀರಿಕೊಂಡ ಮೇಲೆ ಮನೆ ಮಾರಿದರು. ಕೊಂಡವರು ಹಿತ್ತಲಿಗೆ ಸಿಮೆಂಟು ಹಾಕಿಸಿದರು. ಅವರ ಮನೆ, ಅವರ ಹಿತ್ತಲು, ತಪ್ಪು ಅನ್ನುವ ಹಾಗಿಲ್ಲ.

ನಾನು ಆ ಪುಡಿಯನ್ನು ಗುಡಿಸಿ ಎಸೆಯಲಿಲ್ಲ. ಹೋಮಿಯೋಪತಿ ಗುಳಿಗೆಯ ಖಾಲಿ ಶೀಶೆಯೊಂದಿತ್ತು, ತೊಳೆದು ಒಣಗಿಸಿ ಅದರಲ್ಲಿ ತುಂಬಿಟ್ಟೆ. ಮುಂದಿನ ಆರು ತಿಂಗಳು ಆ ಶೀಶೆ ನನ್ನ ಪರ್ಸಿನಲ್ಲೇ ಇತ್ತು. ಸಿಕ್ಕವರ ಮೂಗಿಗೆಲ್ಲ ಹಿಡಿದೆ. ಇಬ್ಬರು ನಶ್ಯ ಅಂದುಕೊಂಡರು.

ಮೊದಲು ಹೋದದ್ದು ಗಾಂಧಿ ಬಜಾರಿಗೆ. ಹೂವಿನ ಜೊತೆ ಕಟ್ಟುವ ಪರಿಮಳದ ಎಲೆ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಮರುಗ ಮತ್ತು ದವನ. ಎರಡನ್ನೂ ಒಂದೊಂದು ಕಟ್ಟು ತಂದೆ. ಮರುಗದ ಎಲೆ ಪುಟ್ಟದು, ಕಿರುಬೆರಳಿನ ಉಗುರಿನಷ್ಟು, ಅಂಚು ನುಣುಪು. ವಾಸನೆ ಚುರುಕಾಗಿ, ತಂಪಾಗಿ ಮೂಗಿಗೆ ಹೊಡೆಯುತ್ತೆ. ದವನದ ಎಲೆ ಸೀಳಿ ಸೀಳಿ ಇಟ್ಟ ಹಾಗೆ, ಬೂದಿ ಬಣ್ಣ, ಹಣ್ಣಿನ ಥರದ ಸಿಹಿ ವಾಸನೆ. ಎರಡೂ ಚೆನ್ನ. ಎರಡೂ ಅಲ್ಲ.

ಆಮೇಲೆ ಫೋನು ಶುರುವಾಯಿತು. ಶಿವಮೊಗ್ಗದ ಅತ್ತೆ “ಅದು ಕಾಮಕಸ್ತೂರಿ ಕಣೇ, ನಂಗೆ ಚೆನ್ನಾಗಿ ನೆನಪಿದೆ” ಅಂದರು. ಅಷ್ಟು ಖಚಿತವಾಗಿ ಹೇಳಿದರೆ ನಂಬಲೇಬೇಕಲ್ಲ. ಒಂದು ಕುಂಡದ ಗಿಡ ತಂದು ಎಲೆ ಒಣಗಿಸಿದೆ. ಒಣಗಿದ ಮೇಲೆ ವಾಸನೆ ಇನ್ನೂ ಕಮ್ಮಿಯಾಯಿತು. ಅದರ ಬೀಜ ಮಾತ್ರ ಲಾಭ, ನೀರಲ್ಲಿ ನೆನೆಸಿ ಪಾನಕಕ್ಕೆ ಹಾಕಿಕೊಂಡು ಕುಡಿದೆವು. ಚಿಕ್ಕಪ್ಪ ದೊಡ್ಡಪತ್ರೆ ಅಂದರು. ದೊಡ್ಡಪತ್ರೆಯ ದಪ್ಪ ಎಲೆ ಯಾವ ಮೊರದಲ್ಲಿ ಎಷ್ಟು ದಿನ ಇಟ್ಟರೆ ಒಣಗೀತು? ಅವರಿಗೆ ತಂಬುಳಿ ನೆನಪಾಗಿತ್ತು ಅಷ್ಟೇ. ಇನ್ನೊಬ್ಬರು ಮಾಚಿಪತ್ರೆ ಅಂದರು. ಗಣಪತಿ ಹಬ್ಬಕ್ಕೆ ಪತ್ರೆ ಮಾರುವವನ ಹತ್ತಿರ ಅದನ್ನೂ ತಂದು ನೋಡಿದೆ. ಅಲ್ಲ.

ಮೊಬೈಲಿನಲ್ಲಿ ಗಿಡ ಗುರುತಿಸುವ ಆಪ್ ಇದೆಯಲ್ಲ, ಅದಕ್ಕೆ ಪುಡಿಯ ಫೋಟೋ ತೋರಿಸಿದೆ. ಹೊಗೆಸೊಪ್ಪು ಅಂತು. ಆಪ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ನಾನು ತೋರಿಸಿದ್ದಾದರೂ ಏನು?

ಅಷ್ಟೊತ್ತಿಗೆ ಅಮ್ಮನಿಗೆ ಬೇಜಾರು ಬಂದಿತ್ತು. “ನಂಗೇನೂ ನೆನಪಿಲ್ಲ, ನನ್ನ ಕೇಳಬೇಡ” ಅಂದುಬಿಟ್ಟಳು.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವರು. ಶೀಶೆ ಹಿಡಿದು ಅವರ ಮನೆಗೂ ಹೋದೆ. ಅವರು ಮುಚ್ಚಳ ತೆಗೆಯಲೂ ಇಲ್ಲ, ಪಕ್ಕಕ್ಕೆ ಇಟ್ಟರು.

“ವಾಸನೆ ಆಮೇಲೆ ನೋಡೋಣ. ಕಣ್ಣಿಗೆ, ಕೈಗೆ ಏನು ನೆನಪಿದೆ ಹೇಳಿ.”

“ಏನೂ ಇಲ್ಲ ಸಾರ್. ವಾಸನೆ ಒಂದೇ.”

“ಎಲೆ ಬಿಡಿಸ್ತಿದ್ರಿ ಅಂದ್ರಲ್ಲ. ಹೇಗೆ ಬಿಡಿಸ್ತಿದ್ರಿ?”

ನಾನು ಗಾಳಿಯಲ್ಲೇ ಮಾಡಿ ತೋರಿಸಿದೆ. ಎಡಗೈಯಲ್ಲಿ ದಂಟು, ಬಲಗೈಯ ಎರಡು ಬೆರಳಲ್ಲಿ ಒಂದೇ ಸಲಕ್ಕೆ ಎರಡು ಎಲೆ, ಆ ಕಡೆ ಒಂದು ಈ ಕಡೆ ಒಂದು. ಮೇಷ್ಟ್ರು ನಕ್ಕರು. “ನೋಡಿ, ಎಲೆ ಎದುರುಬದುರು ಅಂತ ನಿಮ್ಮ ಕೈಗೆ ಗೊತ್ತಿದೆ. ಮುಂದೆ?”

ಆಗ ಇನ್ನೊಂದು ನೆನಪಾಯಿತು. ಎಲೆ ಬಿಡಿಸಿದ ಮೇಲೆ ಉಳಿದ ದಂಟನ್ನು ಅಣ್ಣ ಬೀಡಿಯ ಹಾಗೆ ಹಿಡಿದು ಎರಡು ಬೆರಳ ನಡುವೆ ಹೊಸೆಯುತ್ತಿದ್ದ. ಅದು ಹೊಸೆಯಲು ಬರುತ್ತಿರಲಿಲ್ಲ. ಉರುಳುವ ಬದಲು ಟಕ್ ಟಕ್ ಅಂತ ಮಗ್ಗುಲು ಬದಲಿಸುತ್ತಿತ್ತು. ಮೂಲೆಗಳಿದ್ದವು ಅದಕ್ಕೆ.

“ಎಷ್ಟು ಮೂಲೆ?”

“ನಾಲ್ಕು.”

“ಹಾಗಾದ್ರೆ ತುಳಸಿಯ ಬಳಗ.” ಮೇಷ್ಟ್ರು ಹಾಳೆ ತಗೊಂಡು ಬರೆಯತೊಡಗಿದರು. ತುಳಸಿ, ಪುದೀನ, ಮರುಗ, ಕಾಮಕಸ್ತೂರಿ, ದೊಡ್ಡಪತ್ರೆ, ಎಲ್ಲ ಒಂದೇ ಕುಟುಂಬ. ಇವುಗಳ ದಂಟು ಸಾಮಾನ್ಯವಾಗಿ ಚೌಕ, ಎಲೆಗಳು ಜೋಡಿ ಜೋಡಿ. ದವನವೂ ಮಾಚಿಪತ್ರೆಯೂ ಬೇರೆ ಬಳಗ, ಸೇವಂತಿಗೆಯ ಕಡೆಯವು. ಮರುಗ ಮತ್ತು ಕಾಮಕಸ್ತೂರಿಯನ್ನು ನಾನೇ ಹೊಡೆದುಹಾಕಿದ್ದೆ. ಎಲೆ ಎಷ್ಟು ದೊಡ್ಡದಿತ್ತು ಅಂತ ಕೇಳಿದರು. ನನ್ನ ಅಂಗೈಯಷ್ಟು. ಅಂಚು? ಗರಗಸದ ಹಾಗೆ ಕಚ್ಚು ಕಚ್ಚು. ಹಸಿ ಎಲೆಗೆ ಘಮ ಇತ್ತಾ?

ಇದಕ್ಕೆ ಯೋಚಿಸಬೇಕಾಯಿತು. ಹಸಿ ಎಲೆ ಬಿಡಿಸಿದ ದಿನ ಕೈಯೆಲ್ಲ ಬರೀ ಹಸಿರು ವಾಸನೆ, ಹುಲ್ಲು ಹೊಸಕಿದ ಹಾಗೆ. ಘಮ ಬರುತ್ತಿದ್ದದ್ದು ಆಮೇಲೆ, ಜಗಲಿಯಲ್ಲಿ ಮೂರು ನಾಲ್ಕು ದಿನ ಬಿದ್ದುಕೊಂಡ ಮೇಲೆ.

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಈಗ ಶೀಶೆ ತೆಗೆದು ಮೂಸಿದರು. “ಪಚೌಲಿ ಜಾತಿ ಇರಬಹುದು. ಆದ್ರೆ ಹೂ ನೋಡದೆ ನಾನು ಹೆಸರು ಹೇಳಲ್ಲ.”

ಪಚೌಲಿ ಅಂದರೆ ನನಗೆ ಸೆಂಟಿನ ಬಾಟಲಿ ಮೇಲೆ ಓದಿದ ಹೆಸರು, ಅಷ್ಟೇ. ಮೇಷ್ಟ್ರು ಹೇಳಿದ್ದು ಕೇಳಿ ದಂಗಾದೆ. ಇದರ ಎಲೆಯನ್ನು ನೆರಳಲ್ಲಿ ಕೆಲವು ದಿನ ಬಾಡಿಸಿ ಒಣಗಿಸಿದ ಮೇಲೆಯೇ ಎಣ್ಣೆ ಇಳಿಸುತ್ತಾರೆ. ಆ ಎಣ್ಣೆ ಬೇಗ ಹಾರಿಹೋಗಲ್ಲ, ಜೊತೆಗೆ ಸೇರಿಸಿದ ಬೇರೆ ಪರಿಮಳಗಳನ್ನೂ ಹಿಡಿದಿಡುತ್ತೆ, ಇಟ್ಟಷ್ಟೂ ಹದ ಬರುತ್ತೆ. ಸೆಂಟಿಗೂ ಬೇಕು, ಊದುಬತ್ತಿಗೂ ಬೇಕು. ಜಗತ್ತಿನ ಪಚೌಲಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಬರುವುದು ಇಂಡೋನೇಷ್ಯಾದಿಂದ. 19ನೇ ಶತಮಾನದಲ್ಲಿ ಕಾಶ್ಮೀರಿ ಶಾಲುಗಳನ್ನು ಯುರೋಪಿಗೆ ಕಳಿಸುವಾಗ ನುಸಿ ಹಿಡಿಯದಿರಲಿ ಅಂತ ಮಡಿಕೆಗಳ ನಡುವೆ ಈ ಒಣ ಎಲೆ ಹಾಕುತ್ತಿದ್ದರಂತೆ. ಅಲ್ಲಿನವರಿಗೆ ಅಸಲಿ ಶಾಲು ಅಂದರೆ ಈ ವಾಸನೆ ಅಂತಲೇ ಅಭ್ಯಾಸವಾಯಿತು. ಫ್ರಾನ್ಸಿನಲ್ಲಿ ನಕಲಿ ಶಾಲು ನೇಯುವವರೂ ಎಲೆ ತರಿಸಿಕೊಂಡು ಹಾಕತೊಡಗಿದರು!

ಅಂದರೆ ಅದೂ ಟ್ರಂಕು ಸೊಪ್ಪೇ. ಅಜ್ಜಿಗೆ ಇದನ್ನು ಹೇಳಿದ್ದರೆ “ಮತ್ತೇನು, ಎಲ್ಲ ಕಡೆ ನುಸಿ ಒಂದೇ” ಅನ್ನುತ್ತಿದ್ದಳು.

ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. ಪಚೌಲಿ ಅನ್ನುವುದು ತಮಿಳಿನ ಪಚ್ಚೆ, ಇಲೆ ಎಂಬ ಮಾತುಗಳಿಂದ ಬಂದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಸಿರೆಲೆ. ನಮ್ಮ ಕನ್ನಡದ ಪಚ್ಚೆಯೂ ಅದೇ ಪಚ್ಚೆ. ಈ ಮಾತು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಾರನೇ ವಾರ ಅತ್ತರ್ ಅಂಗಡಿಯೊಂದಕ್ಕೆ ಹೋಗಿ ಪುಟ್ಟ ಶೀಶೆ ಪಚೌಲಿ ಎಣ್ಣೆ ತಂದೆ. ಮುಚ್ಚಳ ತೆಗೆದ ಕೂಡಲೇ ಎದೆ ಹೊಡೆದುಕೊಂಡಿತು. ಎರಡನೇ ಸಲ ಮೂಸಿದಾಗ ಅನುಮಾನ ಬಂತು. ಮೂರನೇ ಸಲಕ್ಕೆ ಅಲ್ಲ ಅನ್ನಿಸಿತು. ನಮ್ಮದರ ಅಣ್ಣನೋ ತಮ್ಮನೋ ಇದ್ದ ಹಾಗೆ. ಇದು ದಪ್ಪ, ಸಿಹಿ, ತಲೆಗೆ ಹಿಡಿಯುವಂಥದ್ದು. ನಮ್ಮದು ಇನ್ನೂ ತೆಳ್ಳಗೆ, ಒಣ ಒಣ. ಸ್ಯಾನ್ ಹೋಸೆಯಲ್ಲಿರುವ ಅಣ್ಣ ರಜೆಗೆ ಬಂದಿದ್ದ. ಅವನ ಮೂಗಿಗೂ ಹಿಡಿದೆ. “ಏಯ್, ಇದು ಹಿಪ್ಪಿ ವಾಸನೆ, ಅಲ್ಲಿ ಹಳೇ ಬಟ್ಟೆ ಅಂಗಡಿಗೆ ಹೋದ್ರೆ ಹೀಗೇ ಇರುತ್ತೆ” ಅಂದ. ದಂಟು ಹೊಸೆದು ಬೀಡಿ ಸೇದಿದ್ದು ಅವನಿಗೆ ನೆನಪೇ ಇಲ್ಲವಂತೆ.

ಮೇಷ್ಟ್ರಿಗೆ ಹೇಳಿದೆ. ಅವರಿಗೆ ಖುಷಿಯೇ ಆಯಿತು. “ಬೇರೆ ಅನ್ನಿಸಿದ್ದು ಒಳ್ಳೇದು. ಎಣ್ಣೆಗೆ ಬೆಳೆಸೋದು ಬೇರೆ ಜಾತಿ, ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯದ್ದು. ನಮ್ಮ ದಕ್ಷಿಣದ್ದೇ ಇನ್ನೊಂದಿದೆ.” ಎಣ್ಣೆಯ ಜಾತಿಯ ಹೆಸರು ಪೊಗೊಸ್ಟೆಮಾನ್ ಕ್ಯಾಬ್ಲಿನ್. ನಮ್ಮ ಕಡೆಯದ್ದು ಪೊಗೊಸ್ಟೆಮಾನ್ ಹೇನಿಯಾನಸ್. ಈ ಹೇನಿಯಾನಸ್ ಬಂದದ್ದು ಬೆಂಜಮಿನ್ ಹೇನ್ ಅನ್ನುವ ಜರ್ಮನ್ ಸಸ್ಯತಜ್ಞನ ಹೆಸರಿಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡವನು ಅವನೇ. ನಾನು ವಾರಕ್ಕೆ ಮೂರು ಸಲ ವಾಕಿಂಗ್ ಹೋಗುವ ಜಾಗ.

ಮನೆಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಇಟ್ಟಿರುವ ಕರ್ನಾಟಕದ ಸಸ್ಯಗಳ ಡಿಜಿಟಲ್ ಸಂಗ್ರಹ ತೆರೆದು ಕೂತೆ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಚಿತ್ರಗಳು. ಆದರೆ ಈ ಕುಲದವು ಪಶ್ಚಿಮಘಟ್ಟದಲ್ಲಿ ಒಂದೆರಡಲ್ಲ, ಹಲವು ಇವೆ. ಒಣಗಿದ ಮೇಲೆ ಎಲ್ಲವೂ ಅಣ್ಣತಮ್ಮಂದಿರೇ. ಇನ್ನು ವಾಸನೆಯನ್ನು ಯಾವ ಪರದೆ ತೋರಿಸೀತು?

ಡಿಸೆಂಬರಿನಲ್ಲಿ ಊರಿನ ಕಡೆ ಒಂದು ಮದುವೆ ಇತ್ತು. ಆಗುಂಬೆ ಘಾಟಿಯ ತಿರುವಿನಲ್ಲಿ, ರಸ್ತೆ ಬದಿಯ ಪೊದೆಯೊಂದು ಕಣ್ಣಿಗೆ ಬಿತ್ತು. ಎದೆಯೆತ್ತರ, ಕಚ್ಚು ಕಚ್ಚು ಎಲೆ, ತುದಿಯಲ್ಲಿ ನೇರಳೆ ಛಾಯೆಯ ಹೂಗೊಂಚಲು. “ನಿಲ್ಲಿಸು ನಿಲ್ಲಿಸು” ಅಂತ ಕೂಗಿದೆ. ನಮ್ಮವರು ಕಾರು ನಿಲ್ಲಿಸಲು ಜಾಗ ಹುಡುಕಿ ಅರ್ಧ ಕಿಲೋಮೀಟರು ಮುಂದೆ ಹೋಗಿ ನಿಲ್ಲಿಸಿದರು. ರೇಷ್ಮೆ ಸೀರೆಯಲ್ಲಿ ವಾಪಸು ನಡೆದು ಬಂದೆ. ದಂಟು ಮುಟ್ಟಿದೆ, ಮೂಲೆ ಇತ್ತು. ಎಲೆ ಜೋಡಿ. ಉಜ್ಜಿದೆ. ಅಬ್ಬಾ, ಆ ನಾತ! ಬೆಕ್ಕು ಉಚ್ಚೆ ಹೊಯ್ದ ಗೋಣಿಚೀಲ ಅಂದರೆ ಸರಿಹೋಗುತ್ತೆ. ಮದುವೆ ಮನೆಯಲ್ಲಿ ಎರಡು ಸಲ ಸೋಪು ಹಾಕಿ ಕೈ ತೊಳೆದೆ. ಅದು ಅದೇ ಕುಲದ ಕಾಡು ಜಾತಿ ಅಂತ ಮೇಷ್ಟ್ರು ಆಮೇಲೆ ಫೋಟೋ ನೋಡಿ ಹೇಳಿದರು. ಹೂವಿನ ಗೊಂಚಲು ಒತ್ತೊತ್ತಾಗಿದೆ, ನಿಮ್ಮದು ಹಾಗಿರಲ್ಲ, ಬಿಟ್ಟು ಬಿಟ್ಟು ಇರುತ್ತೆ ಅಂದರು.

ಆ ಮದುವೆಯಲ್ಲೇ ಇನ್ನೊಂದು ತುದಿ ಸಿಕ್ಕಿತು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತದ್ದು ಅಜ್ಜಿಯ ತಂಗಿಯ ಸೊಸೆ, ವರಸೆಯಲ್ಲಿ ನನಗೆ ಅತ್ತೆಯಾಗಬೇಕು. ಎಂಬತ್ತರ ಹತ್ತಿರ. ಶೀಶೆ ತೆಗೆದೆ. ಅವರು ಮೂಸಿ, ಹೋಳಿಗೆ ಮುರಿಯುತ್ತಾ, ಏನೂ ವಿಶೇಷವಿಲ್ಲದ ಹಾಗೆ ಅಂದರು.

“ತೆನೆ ಸೊಪ್ಪು.”

“ಯಾವ ತೆನೆ ಅತ್ತೆ?”

“ತೆನೆ ಅಂದ್ರೆ ತೆನೆ. ನಿನ್ನ ಅಜ್ಜಿ ಮೊಗ್ಗಿನ ದಂಡೆ ಕಟ್ಟುವಾಗ ಮಧ್ಯೆ ಮಧ್ಯೆ ಇಡ್ತಿದ್ರು. ತೆನೆ ತಲೆಗೆ, ಸೊಪ್ಪು ಪೆಟ್ಟಿಗೆಗೆ.”

ತಲೆಗೆ ಮುಡಿಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ನಾವು ಹೋಗುತ್ತಿದ್ದದ್ದು ಬೇಸಿಗೆ ರಜೆಗೆ, ದೀಪಾವಳಿಗೆ. ಹೂ ಬಿಡುವ ಹೊತ್ತಿಗೆ ನಾವು ಬೆಂಗಳೂರಿನ ಶಾಲೆಯಲ್ಲಿ. ನನ್ನ ಪಾಲಿಗೆ ಅದು ಬರೀ ಎಲೆ. ನಾಲ್ಕು ತಿಂಗಳು ಎಲ್ಲರಿಗೂ ಪೆಟ್ಟಿಗೆಗೆ ಹಾಕುವ ಸೊಪ್ಪು ಅಂತಲೇ ಕೇಳಿದ್ದೆ. ಹೂ ಕಟ್ಟುವವರಿಗೆ ಪೆಟ್ಟಿಗೆಯ ವಿಷಯ ಯಾಕೆ ಗೊತ್ತಿರಬೇಕು?

ಫೆಬ್ರವರಿಯಲ್ಲಿ ಮೈಸೂರಿನಲ್ಲಿ ನಾಮಕರಣ. ಬೆಳಿಗ್ಗೆ ಏಳಕ್ಕೇ ದೇವರಾಜ ಮಾರುಕಟ್ಟೆಗೆ ಹೋದೆ. ಹೂವಿನ ಸಾಲು ಆಗಲೇ ತುಂಬಿತ್ತು. ಸೇವಂತಿಗೆ ರಾಶಿ, ಕಾಕಡ, ಗುಲಾಬಿ. ಮೂಲೆಯಲ್ಲಿ ಒಬ್ಬ ಅಜ್ಜಿ ಒದ್ದೆ ಗೋಣಿ ಹಾಸಿಕೊಂಡು, ಬಾಳೆನಾರಿನಲ್ಲಿ ಕನಕಾಂಬರ ಕಟ್ಟುತ್ತಿದ್ದರು. ನಾಲ್ಕು ಹೂವು, ಒಂದು ಚಿಗುರು ಮರುಗ, ಮತ್ತೆ ನಾಲ್ಕು ಹೂವು. ಅವರ ಮೊಣಕಾಲ ಪಕ್ಕ ಒಂದು ಸಣ್ಣ ಕಟ್ಟು ಬಿದ್ದಿತ್ತು. ಹಸಿರು ದಂಟಿನ ತುದಿಯಲ್ಲಿ ಬೆರಳುದ್ದದ ಕಡ್ಡಿ, ಅದರ ಸುತ್ತ ಬಿಟ್ಟು ಬಿಟ್ಟು ಬಿಳಿ ನೇರಳೆ ಹೂವಿನ ಸುತ್ತುಗಳು. ರಾಗಿ ಹೊಲದಲ್ಲಿ ಬೆಳೆದವರು ಅದಕ್ಕೆ ಬೇರೇನು ಹೆಸರಿಟ್ಟಾರು?

“ಅಜ್ಜಿ, ಅದೇನು?”

“ಅದಾ? ಪಚ್ಚೆತೆನೆ ಕಣವ್ವ.”

ಪಚ್ಚೆ. ತೆನೆ. ಅರ್ಧ ಹೆಸರು ಮೇಷ್ಟ್ರ ಹತ್ತಿರ ಇತ್ತು, ಅರ್ಧ ಅತ್ತೆಯ ಹತ್ತಿರ ಇತ್ತು.

“ಈಗ ಯಾರ್ ಕೇಳ್ತಾರೆ? ನಮ್ ಹಿತ್ಲಲ್ಲಿ ಐತೆ, ಅದಕ್ಕೆ ನಾಕು ತರ್ತೀನಿ. ಬೇಕಾ?”

ಒಂದು ದಂಟು ಎಳೆದು ಎಲೆ ಉಜ್ಜಿದೆ. ಹಸಿ ಹುಲ್ಲಿನ ವಾಸನೆ. ಅದರ ಹಿಂದೆ ಏನೋ ಇದ್ದ ಹಾಗೆ, ಇಲ್ಲದ ಹಾಗೆ. ಇಷ್ಟೆಲ್ಲ ತಿರುಗಿ ಮತ್ತೆ ಇದೂ ಅಲ್ಲವಾ ಅಂತ ಹೊಟ್ಟೆಯಲ್ಲಿ ಸಂಕಟ. ಪರ್ಸಿನಿಂದ ಶೀಶೆ ತೆಗೆದು ಹೋಲಿಸಿದೆ. ಹೋಲಲಿಲ್ಲ. ದಂಟನ್ನು ವಾಪಸು ಇಡಲು ಹೋದವಳು ಸುಮ್ನೆ ಎರಡು ಬೆರಳ ನಡುವೆ ಹೊಸೆದೆ. ಉರುಳಲಿಲ್ಲ. ಟಕ್ ಅಂತ ಮಗ್ಗುಲು ಬದಲಿಸಿತು. ಮತ್ತೆ ಹೊಸೆದೆ. ಟಕ್.

“ಎಲ್ಲಾ ಕೊಡಿ ಅಜ್ಜಿ.”

ಇಪ್ಪತ್ತು ರೂಪಾಯಿ. ಅವರು ಅಭ್ಯಾಸಬಲದಿಂದ ಕೆಳಗಿನ ಎಲೆಗಳನ್ನು ತರಿದು ಎಸೆಯಲು ಹೊರಟರು. ಗಬಕ್ಕನೆ ಕೈ ಹಿಡಿದೆ. “ಸೊಪ್ಪು ಯಾಕವ್ವ ನಿಂಗೆ?” ಅಂದರು. ಟ್ರಂಕಿನ ಕಥೆ ಹೇಳಿದೆ. ಅವರಿಗೆ ಅದು ಹೊಸದು. ಅವತ್ತು ಬೆಳಿಗ್ಗೆ ತರಿದು ಗೋಣಿಯ ಹಿಂದೆ ಹಾಕಿದ್ದ ಸೊಪ್ಪನ್ನೂ ಬಾಚಿ ಕವರಿಗೆ ತುಂಬಿ ಕೊಟ್ಟರು. ಅದಕ್ಕೆ ದುಡ್ಡು ಬೇಡವೇ ಬೇಡ ಅಂದರು. ನಾಮಕರಣಕ್ಕೆ ನಾನು ಒಯ್ದ ಹೂವಿಗಿಂತ ಸೊಪ್ಪಿನ ಕವರು ದೊಡ್ಡದಿತ್ತು.

ಎರಡು ತೆನೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ತಂದೆ. ಮೇಷ್ಟ್ರು ಮೇಜಿನ ದೀಪ ಹಾಕಿ, ಬಿಳಿ ಹಾಳೆ ಹಾಸಿ, ಒಂದು ಹೂವನ್ನು ಸೂಜಿಯಿಂದ ಬಿಡಿಸಿದರು. ಹೂವು ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮಸೂರದ ಕೆಳಗೆ ನೋಡಿ ಅಂದರು. ನಾಲ್ಕು ಕೇಸರಗಳು ಹೂವಿನ ಬಾಯಿಂದ ಹೊರಗೆ ಚಾಚಿಕೊಂಡಿದ್ದವು. ಒಂದೊಂದರ ನಡುಭಾಗಕ್ಕೂ ನೇರಳೆ ಬಣ್ಣದ ರೋಮ, ಪುಟ್ಟ ಗಡ್ಡದ ಹಾಗೆ. ಪೊಗೊಸ್ಟೆಮಾನ್ ಅಂದರೆ ಗ್ರೀಕಿನಲ್ಲಿ ಅದೇ ಅಂತೆ, ಗಡ್ಡದ ಕೇಸರ. ಎಣ್ಣೆಯ ಪಚೌಲಿಯ ಎಲೆ ದಪ್ಪ, ಮೆತ್ತನೆ ರೋಮ ಜಾಸ್ತಿ, ಮತ್ತು ಅದು ಹೂ ಬಿಡುವುದೇ ಅಪರೂಪ. ನಮ್ಮದರ ಎಲೆ ತೆಳು, ರೋಮ ಕಮ್ಮಿ, ಹೂವಿನ ಸುತ್ತುಗಳು ದೂರ ದೂರ. “ಹೇನಿಯಾನಸ್. ಇನ್ನು ಅನುಮಾನ ಇಲ್ಲ” ಅಂತ ಮೇಷ್ಟ್ರು ಕನ್ನಡಕ ತೆಗೆದರು. ಆಮೇಲೆ ನಕ್ಕು, “ಹೂವೇ ಬಿಡದ ಗಿಡಕ್ಕೆ ಯಾರಾದ್ರೂ ತೆನೆ ಅಂತ ಹೆಸರಿಡ್ತಾರಾ? ನಿಮ್ಮ ಅತ್ತೆ ಹೇಳಿದಾಗಲೇ ಗೊತ್ತಾಗಬೇಕಿತ್ತು ನನಗೆ” ಅಂದರು. ಒಂದು ತೆನೆಯನ್ನು ಹಳೇ ಪೇಪರಿನ ನಡುವೆ ಇಟ್ಟು ಮೇಲೆ ಎರಡು ದಪ್ಪ ಪುಸ್ತಕ ಹೇರಿದರು.

ಉಳಿದ ದಂಟುಗಳಲ್ಲಿ ಆರನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ತುದಿಯ ಹೂವು ತೆಗೆದು, ಮರಳು ಮಣ್ಣು ಬೆರೆಸಿದ ಕುಂಡದಲ್ಲಿ ನೆಟ್ಟೆ. ಮೇಲೆ ಪ್ಲಾಸ್ಟಿಕ್ ಕವರು ಕವಿಚಿದೆ. ಮೂರು ಕೊಳೆತವು. ಉಳಿದ ಮೂರೂ ತಿಂಗಳೊಪ್ಪತ್ತಿನಲ್ಲಿ ಚಿಗುರಿದವು. ಬಟ್ಟೆ ಒಗೆಯುವ ಬಾಲ್ಕನಿಯ ಮೂಲೆಯಲ್ಲಿ ಇಟ್ಟಿದ್ದೇನೆ, ಅಲ್ಲಿ ಬಿಸಿಲು ಬೆಳಿಗ್ಗೆ ಒಂದು ಗಂಟೆ ಮಾತ್ರ. ನೀರು ಒಂದು ದಿನ ತಪ್ಪಿದರೂ ಸತ್ತ ಹಾಗೆ ಜೋಲು ಬೀಳುತ್ತೆ. ಚೊಂಬು ನೀರು ಹಾಕಿದರೆ ಗಂಟೆಯೊಳಗೆ ಏನೂ ಆಗಿಲ್ಲದವರ ಹಾಗೆ ಎದ್ದು ನಿಲ್ಲುತ್ತೆ. ಅಜ್ಜಿ ಇದನ್ನು ಬಚ್ಚಲ ನೀರಿಗೆ ಯಾಕೆ ನೆಟ್ಟಿದ್ದಳು ಅಂತ ಈಗ ಗೊತ್ತಾಯಿತು.

ಇದೆಲ್ಲ ಆಮೇಲಿನ ಮಾತು. ಮೈಸೂರಿನಿಂದ ಬಂದ ರಾತ್ರಿಯೇ ಸೊಪ್ಪನ್ನು ಮೊರದಲ್ಲಿ ಹರಡಿ ಹಾಲಿನಲ್ಲಿ, ಟಿವಿಯ ಪಕ್ಕ ಇಟ್ಟಿದ್ದೆ. ಅಮ್ಮ ಏನೂ ಕೇಳಲಿಲ್ಲ. ಮೊದಲ ದಿನ ವಾಸನೆ ಇಲ್ಲ. ಎರಡನೇ ದಿನ ಎಲೆ ಬಾಡಿ ಕಪ್ಪಗಾಯಿತು, ದನದ ಕೊಟ್ಟಿಗೆಯ ಹುಲ್ಲಿನ ಹಾಗೆ ಏನೋ ವಾಸನೆ. ಮೂರನೇ ದಿನ ಆಫೀಸಿನಿಂದ ಬಂದವಳು ಎಲ್ಲ ಮರೆತು ನಿದ್ದೆ ಹೋದೆ. ನಾಲ್ಕನೇ ದಿನ ಸಂಜೆ ಬಾಗಿಲಿಗೆ ಬೀಗದ ಕೈ ಹಾಕುವಾಗಲೇ ಗೊತ್ತಾಯಿತು. ಬಾಗಿಲಾಚೆ ಅಜ್ಜಿಯ ಜಗಲಿ ಇತ್ತು.

ಅಮ್ಮ ಮೊರದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಂದು ಎಲೆ ಎತ್ತಿ ಬೆರಳಲ್ಲಿ ಹಿಸುಕಿದಳು. ಮೂಸಲಿಲ್ಲ, ಕಿವಿಯ ಹತ್ತಿರ ಹಿಡಿದಳು.

“ಇನ್ನೂ ಒಣಗಿಲ್ಲ. ತೊಟ್ಟು ಮುರಿದ್ರೆ ಚಟ್ ಅನ್ನಬೇಕು. ಈಗಲೇ ಪೆಟ್ಟಿಗೆಗೆ ಹಾಕಿದ್ರೆ ಸೀರೆಗೆ ಕಲೆ ಆಗುತ್ತೆ. ಇನ್ನೆರಡು ದಿನ ಬಿಡು.”

“ನಿಂಗೆ ಏನೂ ನೆನಪಿಲ್ಲ ಅಂದಿದ್ದೆ?”

“ಹೆಸರು ನೆನಪಿಲ್ಲ ಅಂದೆ” ಅಂದಳು. ಮೊರ ಎತ್ತಿಕೊಂಡು, ಕಿಟಕಿಯ ಬೆಳಕು ಬೀಳದ ದೇವರ ಕೋಣೆಯ ಮೂಲೆಗೆ ಹೊರಟಳು. “ಬೆಳಿಗ್ಗೆ ಎದ್ದ ಕೂಡ್ಲೇ ಒಂದ್ಸಲ ಮಗುಚು.”